ಒಂಬತ್ತನೆಯ ದಿನದ ದಾಸವಾಳ

ಆರಿಸಿದ ಮೇಣದಬತ್ತಿಯ ವಾಸನೆ ನನಗೆ ಆಗುವುದಿಲ್ಲ. ಆಫೀಸಿನಲ್ಲಿ ಯಾರದ್ದಾದರೂ ಹುಟ್ಟುಹಬ್ಬ ಬಂದರೆ, ಕೇಕಿನ ಮೇಲೆ ಚುಚ್ಚಿದ ಬತ್ತಿಗಳನ್ನು ಉಫ್ ಎಂದು ಊದಿ ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ನಾನು ಮೆಲ್ಲಗೆ ಹಿಂದೆ ಸರಿದು ಕಿಟಕಿಯ ಹತ್ತಿರ ನಿಂತಿರುತ್ತೇನೆ. ಅಹಂಕಾರ ಎಂದುಕೊಳ್ಳುವವರು ಎಂದುಕೊಳ್ಳಲಿ ಬಿಡಿ. ಆ ಬೂದುಬಣ್ಣದ ಹೊಗೆ ಮೂಗಿಗೆ ತಾಕಿದರೆ ಸಾಕು, ಗೋರೆಗಾಂವಿನ ನಮ್ಮ ಶಾಲೆಯ ಅಂಗಳ, ಮಳೆಯಲ್ಲಿ ನೆನೆದ ಯೂನಿಫಾರ್ಮು, ಫಿನೈಲ್ ಹಾಕಿ ಒರೆಸಿದ ವರಾಂಡ, ಬುಟ್ಟಿಯೊಳಗೆ ಬಾಡುತ್ತಿದ್ದ ಚೆಂಡುಹೂವು ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ಅವುಗಳ ಹಿಂದೆಯೇ ದೊಡ್ಡಮ್ಮ ಬರುತ್ತಾಳೆ, ಬರಿಗಾಲಲ್ಲಿ, ಒದ್ದೆ ಸೀರೆಯಲ್ಲಿ. ನಿಮಗೂ ಇಂಥದೊಂದು ವಾಸನೆ ಇರಬಹುದು. ಇದ್ದರೆ ನಾನು ಹೇಳಹೊರಟಿದ್ದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಕುಂದಾಪುರದ ಕಡೆಯವರು. ಅಪ್ಪಯ್ಯ ಗೋರೆಗಾಂವ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆ ಭಟ್ಟರಾಗಿದ್ದರು. ನಮ್ಮ ಚಾಳಿನ ಹಿಂಬದಿಯ ಗೋಡೆಯೇ ಇಗರ್ಜಿಯ, ಎಂದರೆ ಚರ್ಚಿನ, ಶಾಲೆಯ ಕಾಂಪೌಂಡ್ ಗೋಡೆ. ಹೀಗಾಗಿ ನನ್ನನ್ನು ಯಾವ ಶಾಲೆಗೆ ಸೇರಿಸಬೇಕೆಂದು ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಲಿಯ ಗಂಟೆಯೇ ನಮ್ಮ ಮನೆಯ ಗಡಿಯಾರ. ಮಧ್ಯಾಹ್ನ ಇಗರ್ಜಿಯಲ್ಲಿ ಗಂಟೆ ಬಾರಿಸಿದಾಗ ಶಾಲೆಯ ಮಕ್ಕಳೆಲ್ಲ ಇದ್ದಲ್ಲೇ ಎದ್ದು ನಿಂತು ಪ್ರಾರ್ಥನೆ ಹೇಳುತ್ತಿದ್ದೆವು. ಗೋಡೆಯ ಈಚೆ ಅಮ್ಮ ಸಾರಿನ ಸೌಟು ಹಿಡಿದೇ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದಳಂತೆ. ಯಾಕೆ ಎಂದು ಕೇಳಿದರೆ, ಅಷ್ಟು ಮಕ್ಕಳು ನಿಂತಿರುವಾಗ ನಾನೊಬ್ಬಳು ಒಗ್ಗರಣೆ ಚಟಗುಟ್ಟಿಸುವುದು ಸರಿಯಲ್ಲ ಎನ್ನುತ್ತಿದ್ದಳು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಸೆರಾಫಿನ್ ಮಂಗಳೂರಿನವರು. ಉಳಿದವರ ಜೊತೆ ಇಂಗ್ಲಿಷು, ಪ್ಯೂನ್ ಜೊತೆ ಮರಾಠಿ, ಗೇಟಿನ ಹತ್ತಿರ ಅಮ್ಮ ಸಿಕ್ಕರೆ ಮಾತ್ರ ಕನ್ನಡ. ಊರಲ್ಲಿ ಮಳೆ ಹೇಗಂತೆ, ಹಲಸಿನ ಹಪ್ಪಳ ಬಂತಾ ಎಂದು ಮಾತು ಶುರುವಾದರೆ ಮುಗಿಯುತ್ತಲೇ ಇರಲಿಲ್ಲ. ಆ ಗಟ್ಟಿ ಧ್ವನಿಯ, ಒಂದು ನೋಟದಲ್ಲಿ ಇಡೀ ಸಾಲನ್ನು ನೆಟ್ಟಗೆ ಮಾಡುತ್ತಿದ್ದ ಹೆಂಗಸು ಅಮ್ಮನ ಎದುರಿಗೆ ಪಕ್ಕದ ಮನೆಯ ಅಕ್ಕನ ಹಾಗೆ ಆಗಿಬಿಡುತ್ತಿದ್ದರು.

ಮಳೆಗಾಲ ಇಳಿಯುವ ಹೊತ್ತಿಗೆ ಇಗರ್ಜಿಯ ಮಾತೆ ಮರಿಯಮ್ಮನ ಹುಟ್ಟುಹಬ್ಬ ಬರುತ್ತದೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂವು ತರಬೇಕು. ಅಂಗಳದ ಮಾವಿನ ಮರದ ಕೆಳಗೆ ಮೇಜು, ಮೇಜಿನ ಮೇಲೆ ತೊಟ್ಟಿಲಲ್ಲಿ ಮಲಗಿಸಿದ ಪುಟ್ಟ ಮರಿಯಮ್ಮ, ಎರಡು ಕಡೆ ಮೇಣದಬತ್ತಿ, ಮುಂದೆ ಬೆತ್ತದ ಬುಟ್ಟಿ. ಹಾಡು ಹೇಳುತ್ತ ಸಾಲಾಗಿ ಹೋಗಿ ಬುಟ್ಟಿಗೆ ಹೂವು ಹಾಕಿ ಬರುವುದು. ಗುಜರಾತಿಗಳ ಮಕ್ಕಳು, ಮರಾಠಿಗಳು, ಮುಸಲ್ಮಾನರ ಮಕ್ಕಳು, ನಮ್ಮಂಥವರು, ಎಲ್ಲರೂ ತರುತ್ತಿದ್ದೆವು; ತರಬೇಡ ಎಂದು ಯಾರ ಮನೆಯಲ್ಲೂ ಹೇಳಿದ್ದು ನಾನು ಕೇಳಿಲ್ಲ. ಸಿಸ್ಟರದ್ದು ಒಂದೇ ಕಟ್ಟಪ್ಪಣೆ, ಯಾರೂ ಖಾಲಿ ಕೈಯಲ್ಲಿ ನಿಲ್ಲಬಾರದು. ಹೂವಿಲ್ಲದವರಿಗೆ ಇದ್ದವರು ತಮ್ಮದರಲ್ಲಿ ಪಾಲು ಕೊಡಬೇಕು. ಒಂದು ಗುಲಾಬಿ ಮಾತ್ರ ಇದ್ದರೆ ಅದರ ಎಸಳು ಬಿಡಿಸಿ ಹಂಚಿಕೊಂಡದ್ದೂ ಉಂಟು. ಹೂವು ಹಾಕುವಾಗ ಮನಸ್ಸಿನಲ್ಲಿ ಒಂದೇ ಒಂದು ಬೇಡಿಕೆ ಇಟ್ಟುಕೊಳ್ಳಿ, ಒಂಬತ್ತು ದಿನವೂ ಅದನ್ನೇ ಕೇಳಿ ಎಂದು ನಮ್ಮ ಕ್ಲಾಸ್ ಟೀಚರ್ ಹೇಳಿಕೊಟ್ಟಿದ್ದರು.

ಚಾಳಿನ ಗ್ಯಾಲರಿಯಲ್ಲಿ ಅಮ್ಮ ಹೋಟೆಲಿನ ಎಣ್ಣೆ ಡಬ್ಬದಲ್ಲಿ ಒಂದು ಕೆಂಪು ದಾಸವಾಳ ನೆಟ್ಟಿದ್ದಳು, ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೆಲ್ಲು. ಆ ದಿನಗಳಲ್ಲಿ ಬೆಳಿಗ್ಗೆ ಎರಡು ಹೂವು ಕೊಯ್ದು ಒಂದನ್ನು ಗೂಡಿನಲ್ಲಿದ್ದ ದೇವರಿಗೆ ಇಟ್ಟು ಇನ್ನೊಂದನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಅವಳಿಗೆ ಕಾಮಾಲೆ ಆಯಿತು. ಮದ್ದು, ಪಥ್ಯ ಎಲ್ಲ ಮಾಡಿ, ಕಡಿಮೆಯಾಯಿತು ಎಂದುಕೊಳ್ಳುವಾಗಲೇ ಉಲ್ಬಣಿಸಿತು. ಹೂವಿನ ದಿನಗಳು ಶುರುವಾದ ಮೇಲೆಯೇ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದು. ಹೊರಡುವಾಗ ಅಪ್ಪಯ್ಯನ ಭುಜ ಹಿಡಿದುಕೊಂಡೇ ಗ್ಯಾಲರಿಯ ಕಡೆ ತಿರುಗಿ, ದಿನಾ ಒಂದು ಹೂವು ತಗೊಂಡು ಹೋಗು, ತಪ್ಪಿಸಬೇಡ ಎಂದಳು. ಮಕ್ಕಳನ್ನು ಆಸ್ಪತ್ರೆಯೊಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಅವಳು ನನಗೆ ಹೇಳಿದ ಕೊನೆಯ ಮಾತು ಅದು.

ಅದಕ್ಕೆ ಸ್ವಲ್ಪ ಮೊದಲೇ ಊರಿಂದ ದೊಡ್ಡಮ್ಮ ಬಂದಿದ್ದಳು. ಅಮ್ಮನ ಅಕ್ಕ, ಗಂಡ ಬೇಗ ತೀರಿಕೊಂಡು ಮಕ್ಕಳಿಲ್ಲದೆ ಅಣ್ಣನ ಮನೆಯಲ್ಲಿದ್ದವಳು. ಅಬ್ಬಾ, ಅವಳ ಮಡಿಯೇ! ಸಾರ್ವಜನಿಕ ನಲ್ಲಿಯ ನೀರು ಹಿಡಿಯುವುದಕ್ಕೂ ಒಂದು ಕ್ರಮ, ಬಟ್ಟೆ ಒಣಹಾಕುವುದಕ್ಕೂ ಒಂದು ಕ್ರಮ, ಚಾಳಿನವರೆಲ್ಲ ಅವಳನ್ನು ಕಂಡರೆ ಬಕೆಟ್ ಎತ್ತಿಕೊಂಡು ದಾರಿ ಬಿಡುತ್ತಿದ್ದರು. ನನಗೂ ಅವಳ ಮೇಲೆ ಪ್ರೀತಿಯೇನಿರಲಿಲ್ಲ. ಅಮ್ಮನ ಜಾಗದಲ್ಲಿ ಬೇರೆಯವರು ಒಲೆ ಹಚ್ಚುವುದನ್ನು ನೋಡಿದರೇ ಕೋಪ ಬರುತ್ತಿತ್ತು. ಆದರೂ ಬೆಳಿಗ್ಗೆ ಅವಳು ಅಮ್ಮನ ಹಾಗೆಯೇ ಎರಡು ಹೂವು ಕೊಯ್ದು ಒಂದನ್ನು ನನಗೆ ಕೊಡುತ್ತಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ಸಿಸ್ಟರ್ ಕಾಯಿಲೆಯವರ ಹೆಸರು ಓದುವಾಗ ಸುಮತಿ ಎಂದು ಅಮ್ಮನ ಹೆಸರನ್ನೂ ಓದುತ್ತಿದ್ದರು. ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯದ ನನ್ನ ಅಮ್ಮನಿಗೋಸ್ಕರ ಇಡೀ ಶಾಲೆ ಕೈಮುಗಿದು ನಿಲ್ಲುತ್ತಿತ್ತು. ಅಷ್ಟು ಜನ ಒಟ್ಟಿಗೆ ಕೇಳಿದ ಮೇಲೆ ಕೊಡದೆ ಇರುವುದು ಹೇಗೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಹಬ್ಬದ ದಿನ ಅಮ್ಮ ಮನೆಗೆ ಬರಬೇಕು, ನನ್ನ ಬೇಡಿಕೆ ಅದೊಂದೇ.

ಒಂಬತ್ತನೆಯ ದಿನ ಬೆಳಿಗ್ಗೆ ಗಿಡದಲ್ಲಿ ಅರಳಿದ್ದು ಒಂದೇ ಹೂವು. ಹಿಂದಿನ ದಿನದ ಗಾಳಿಮಳೆಗೆ ಉಳಿದ ಮೊಗ್ಗು ಉದುರಿಹೋಗಿತ್ತು. ನಾನು ಏಳುವಷ್ಟರಲ್ಲಿ ದೊಡ್ಡಮ್ಮನ ಸ್ನಾನ ಆಗಿ, ದೀಪ ಹಚ್ಚಿ, ಆ ಒಂದು ಹೂವು ದೇವರ ಪಟದ ಮೇಲೇರಿ ಆಗಿತ್ತು. ಅವಳದ್ದೇನು ತಪ್ಪು ಹೇಳಿ? ಮನೆಯ ದೇವರಿಗೆ ಮೊದಲು ಎನ್ನುವುದು ಅವಳ ಲೆಕ್ಕ. ಅವಳು ಕೇಳುತ್ತಿದ್ದದ್ದೂ ತಂಗಿಯ ಜೀವವನ್ನೇ. ನಾನು ಹೂವು ಬೇಕು ಎಂದು ರಂಪ ಮಾಡಿದೆ. ಅವಳು ಸಮಾಧಾನದಲ್ಲೇ ಹೇಳಿದಳು.

“ದೇವರಿಗೆ ಏರಿಸಿದ ಹೂಗು ನಿರ್ಮಾಲ್ಯ, ಹೆಣ್ಣೇ. ಅದನ್ನ ತೆಗೆದು ಇನ್ನೊಂದು ದೇವರಿಗೆ ಕೊಡೂಕ್ ಆತ್ತಿಲ್ಲೆ.”

ನಾನು ಚೀಲ ಎತ್ತಿಕೊಂಡು ಹಾಗೆಯೇ ಹೋದೆ. ಅಂಗಳದಲ್ಲಿ ಸಾಲು ಆಗಲೇ ಹೊರಟಿತ್ತು. ಪಕ್ಕದ ಹುಡುಗಿ ತನ್ನ ಚೆಂಡುಹೂವಿನ ಮಾಲೆಯಲ್ಲಿ ಅರ್ಧ ಹರಿದು ಕೊಡಲು ಬಂದಳು, ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಅಮ್ಮನ ಗಿಡದ ಹೂವೇ ಆಗಬೇಕಿತ್ತು ನನಗೆ. ಟೀಚರ್ ರಮಿಸಿದರು, ಗದರಿದರು, ನಾನು ಮಾವಿನ ಮರಕ್ಕೆ ಒರಗಿ ನಿಂತವಳು ಅಲುಗಲಿಲ್ಲ. ಕೊನೆಗೆ ಸಿಸ್ಟರೇ ಬಂದು ನನ್ನ ಪಕ್ಕದಲ್ಲಿ ನಿಂತರು. ಸಾಲು ಮುಗಿಯುತ್ತ ಬಂತು, ಮಳೆ ಜಿನುಗತೊಡಗಿತು, ಯಾರೋ ಮೇಜನ್ನು ವರಾಂಡಕ್ಕೆ ಎತ್ತಿಡೋಣವೇ ಎಂದರೆ ಸಿಸ್ಟರ್ ತಡೆಯಿರಿ ಎಂದರು.

ಆಗ ಗೇಟಿನಲ್ಲಿ ದೊಡ್ಡಮ್ಮ ಕಂಡಳು. ಮಡಿಸೀರೆಯಲ್ಲೇ ಓಡಿ ಬಂದಿದ್ದಳು. ಯಾರೂ ಮುಟ್ಟಬಾರದೆಂದು ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದವಳು ಮಕ್ಕಳ ಗುಂಪಿನ ನಡುವೆಯೇ ನುಗ್ಗಿ, ಕೆಸರು ತುಳಿದು, ನೇರ ನನ್ನ ಹತ್ತಿರ ಬಂದಳು. ಎರಡೂ ಕೈಯ ಬೊಗಸೆಯಲ್ಲಿ ಆ ಹೂವು. ಎಸಳಿಗೆ ಗಂಧ ಮೆತ್ತಿಕೊಂಡಿತ್ತು. ಅದನ್ನು ನನ್ನ ಕೈಗೆ ಹಾಕಿ, ನನ್ನ ಬೆನ್ನು ಹಿಡಿದು ಮೇಜಿನ ಕಡೆ ನೂಕಿದಳು. ನಾನು ಹೂವು ಹಾಕಿ ತಿರುಗಿ ನೋಡಿದಾಗ ಅವಳು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು, ಪಕ್ಕದಲ್ಲಿ ಸಿಸ್ಟರ್. ಮಳೆಗೆ ಬತ್ತಿಗಳೆರಡೂ ಆರಿ ಹೊಗೆ ಬಂತು. ಅದೇ ಹೊಗೆ, ಈಗಲೂ ನನಗೆ ಆಗದಿರುವುದು.

ಮರುದಿನ ಹಬ್ಬ. ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವಾದ ಮಾಡಿ ಮನೆಗೊಂದರಂತೆ ಕೊಟ್ಟರು. ಗೊರಾಯಿ ಕಡೆಯ ಗದ್ದೆಯದ್ದಂತೆ. ನಮ್ಮ ಊರಲ್ಲೂ ಹೊಸ ತೆನೆ ಮನೆಗೆ ತಂದು ಕಟ್ಟುತ್ತಾರಲ್ಲ, ದೊಡ್ಡಮ್ಮನಿಗೆ ಅದನ್ನು ಕಂಡು ಮುಖ ಅರಳಿತು. ಕಾಳು ಸುಲಿದು, ಜಜ್ಜಿ, ಬೆಲ್ಲ ಹಾಕಿದ ಕಾಯಿಹಾಲಿಗೆ ಬೆರೆಸಿ ನನಗೊಂದಿಷ್ಟು ಕೊಟ್ಟಳು. ಮನೆಯವರೆಲ್ಲ ಹೊಸತು ಉಣ್ಣಬೇಕು, ಹೊರಗಿದ್ದವರ ಪಾಲನ್ನೂ ತೆಗೆದಿಡಬೇಕು ಎಂದು ಒಂದು ಸಣ್ಣ ಲೋಟದಲ್ಲಿ ಅಮ್ಮನ ಪಾಲು ಮುಚ್ಚಿಟ್ಟಳು. ಸಂಜೆ ಅಪ್ಪಯ್ಯ ಬಂದರು. ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ನಿಂತರು. ದೊಡ್ಡಮ್ಮ ಅವರ ಮುಖ ನೋಡಿದವಳೇ ಒಳಗೆ ಹೋಗಿ ಆ ಲೋಟದ ಮುಂದೆ ಕುಕ್ಕರಿಸಿದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಾನು ಅತ್ತೆ, ಅತ್ತೆ, ಅಳು ಮುಗಿಯುವುದೇ ಇಲ್ಲ ಎನ್ನುವ ಹಾಗೆ ಅತ್ತೆ.

ಸೂತಕ ಕಳೆಯುವ ಮೊದಲೇ ಸಿಸ್ಟರ್ ಮನೆಗೆ ಬಂದರು. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೆ ಕೂತರು. ದೊಡ್ಡಮ್ಮ ತಗ್ಗಿದ ದನಿಯಲ್ಲಿ ಅವರಿಗೆ ಏನೋ ಕೇಳಿದಳು, ಕೇಳುತ್ತ ಬಿಕ್ಕಿದಳು. ಸಿಸ್ಟರ್ ಅವಳ ಕೈ ಹಿಡಿದುಕೊಂಡರು, ದೊಡ್ಡಮ್ಮ ಹಿಂದೆಗೆಯಲಿಲ್ಲ. “ಹಾಗೆಲ್ಲ ಇಲ್ಲಮ್ಮ. ಯಾಕೆ ಹೀಗಾಯಿತು ಅಂತ ನನಗೂ ಗೊತ್ತಿಲ್ಲ. ಆದರೆ ಹಾಗೆಲ್ಲ ಇಲ್ಲ,” ಎಂದರು. ತಂಗಿಯನ್ನು ದೇವರು ಯಾಕೆ ಕರೆದುಕೊಂಡ ಎಂದು ದೊಡ್ಡಮ್ಮ ಕೇಳಿರಬೇಕು ಎಂದು ನಾನು ತಿಳಿದುಕೊಂಡೆ.

ಒಂದು ತಿಂಗಳಿಗೆಂದು ಬಂದ ದೊಡ್ಡಮ್ಮ ಮತ್ತೆ ಊರಿಗೆ ಹೋಗಲೇ ಇಲ್ಲ. ನನ್ನ ಜಡೆ, ನನ್ನ ಡಬ್ಬಿ, ನನ್ನ ಜ್ವರ, ಮುಂದೆ ನನ್ನ ಕಾಲೇಜು, ನೌಕರಿ, ಎಲ್ಲಕ್ಕೂ ಅವಳೇ. ಅಪ್ಪಯ್ಯ ಹೋದ ಮೇಲೆ ದಹಿಸರಿನ ಈ ಫ್ಲ್ಯಾಟಿಗೆ ಬಂದಾಗ ಎಣ್ಣೆ ಡಬ್ಬದ ದಾಸವಾಳದ ಗೆಲ್ಲನ್ನೂ ಅವಳೇ ತಂದು ನೆಟ್ಟಳು. ಆದರೆ ಎರಡು ವಿಷಯ ಇದ್ದವು. ಚಾಳಿನಲ್ಲಿದ್ದಷ್ಟು ವರ್ಷವೂ ಅವಳು ಶಾಲೆಯ ಗೇಟಿನ ಮುಂದೆ ಹಾಯಲಿಲ್ಲ, ಬಜಾರಿನ ಕಡೆಯಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಮತ್ತೆ, ದಾಸವಾಳವನ್ನು ಮುಂದೆ ಯಾವತ್ತೂ ದೇವರಿಗೆ ಏರಿಸಲಿಲ್ಲ. ನೀರು ಹಾಕುತ್ತಿದ್ದಳು, ಹುಳ ಆರಿಸುತ್ತಿದ್ದಳು, ಹೂವು ಮಾತ್ರ ಗಿಡದಲ್ಲೇ ಬಾಡುತ್ತಿತ್ತು. ಅಮ್ಮನ ನೆನಪಾಗುತ್ತದೇನೋ ಎಂದು ನಾನು ಕೇಳಲು ಹೋಗಲಿಲ್ಲ.

ಕಳೆದ ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ಕಿಟಕಿಯಲ್ಲಿ ದಾಸವಾಳ ಬಿಟ್ಟಿತ್ತು. ಅದನ್ನೇ ನೋಡುತ್ತಿದ್ದವಳು ಹೇಳಿದಳು.

“ಆವತ್ತು ನಾನು ಆ ಹೂಗು ತೆಗೂಕಾಗ್ದಿತ್ತು. ಒಬ್ಬ ದೇವರಿಗೆ ಕೊಟ್ಟದ್ದನ್ನ ಕಿತ್ಕೊಂಡೆ. ಇನ್ನೊಬ್ಬರಿಗೆ ಎಂಜಲು ಕೊಟ್ಟೆ. ಇಬ್ಬರಿಗೂ ಸಿಟ್ಟು ಬಂತು. ನಿನ್ನ ಅಮ್ಮ ಹೋದ್ಲು.”

ಸೂತಕದ ದಿನ ಸಿಸ್ಟರ್ ಹತ್ತಿರ ಅವಳು ಬಿಕ್ಕುತ್ತ ಕೇಳಿದ್ದು ಇದನ್ನೇ! ಇಷ್ಟು ವರ್ಷ ನನ್ನನ್ನು ಸಾಕಿದ್ದು, ಸುತ್ತು ಹಾಕಿ ನಡೆದದ್ದು, ಹೂವು ಮುಟ್ಟದೆ ಇದ್ದದ್ದು, ಎಲ್ಲ ಇದನ್ನು ಎದೆಯಲ್ಲಿಟ್ಟುಕೊಂಡೇ. ಛೇ, ಎಂಥ ಭಾರ! ನಾನು ಅವಳ ಹತ್ತಿರ ಬಗ್ಗಿ, ನನಗೆ ಇದ್ದದ್ದನ್ನು ಹೇಳಿದೆ. ನನ್ನ ಇಡೀ ಬಾಲ್ಯದಲ್ಲಿ ಅದಕ್ಕಿಂತ ಒಳ್ಳೆಯ ನೆನಪು ಇನ್ನೊಂದಿಲ್ಲ, ಅಮ್ಮ ಹೋದ ಮೇಲೆ ನಾನು ಹೆದರಿದಾಗಲೆಲ್ಲ ನೀನು ಮಳೆಯಲ್ಲಿ ಓಡಿ ಬಂದದ್ದನ್ನು ನೆನಸಿಕೊಂಡೇ ನಿದ್ದೆ ಹೋಗುತ್ತಿದ್ದೆ, ನನಗೋಸ್ಕರ ದೇವರ ಮೇಲಿನ ಹೂವನ್ನೂ ತೆಗೆಯುವವಳು ಮನೆಯಲ್ಲಿ ಇದ್ದಾಳೆ ಎಂದು ಧೈರ್ಯವಾಗುತ್ತಿತ್ತು ಎಂದೆ. ಅವಳು ಕಿಟಕಿಯ ಕಡೆಯಿಂದ ನನ್ನತ್ತ ಮುಖ ತಿರುಗಿಸಿದಳು.

“ಹೌದಾ?” ಎಂದಳು. “ಅದನ್ನ ಮೊದಲೇ ಒಂದ್ಸಲ ಹೇಳಿದ್ರೆ ಆತಿತ್ತಲ್ಲೆ, ಹೆಣ್ಣೇ.”

ಆಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಸಮಾಧಾನದಲ್ಲೇ ಹೋದಳು ಎಂದು ಬಂದವರೆಲ್ಲ ಹೇಳಿದರು. ಇರಬಹುದು, ನನಗೆ ಮಾತ್ರ ಈಗಲೂ ಸಂಶಯ.

ಈ ಸಲ ಆ ಒಂಬತ್ತು ದಿನಗಳು ಬಂದಾಗ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಹಳೆಯ ಶಾಲೆಯ ಕಟ್ಟಡ ಕೆಡವುತ್ತಾರಂತೆ ಎಂದು ಬೇರೆ ಕೇಳಿದ್ದೆ. ಕೊನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ದೀಪಕ್ಕೆ ತುಂಬ ಎಣ್ಣೆ ಹಾಕಿ ಹಚ್ಚಿ, ಅರಳಿದ್ದ ದಾಸವಾಳವನ್ನು ದೇವರ ಪಟಕ್ಕೆ ಏರಿಸಿದೆ. ಕೈಮುಗಿದೆ. ಸ್ವಲ್ಪ ಹೊತ್ತು ಬಿಟ್ಟು ಅದೇ ಹೂವನ್ನು ಕೈಯಾರೆ ತೆಗೆದು, ಬಾಳೆಎಲೆಯಲ್ಲಿ ಸುತ್ತಿ, ಲೋಕಲ್ ಹಿಡಿದು ಗೋರೆಗಾಂವಿಗೆ ಹೋದೆ. ಚಾಳಿದ್ದಲ್ಲಿ ಎತ್ತರದ ಬಿಲ್ಡಿಂಗು ನಿಂತಿದೆ. ಶಾಲೆಯ ಒಂದು ಪಕ್ಕಕ್ಕೆ ತಗಡಿನ ಬೇಲಿ ಹಾಕಿದ್ದಾರೆ. ಸಿಸ್ಟರ್ ಸೆರಾಫಿನ್ ತೀರಿಕೊಂಡು ಎಷ್ಟೋ ಕಾಲವಾಯಿತಂತೆ, ಈಗಿರುವ ಸಿಸ್ಟರಿಗೆ ಅವರ ಹೆಸರಷ್ಟೇ ಗೊತ್ತು. ಮಾವಿನ ಮರ ಇತ್ತು, ತೊಟ್ಟಿಲಿತ್ತು, ಮಕ್ಕಳು ಹಾಡುತ್ತಿದ್ದರು. ಸಾಲಿನ ಕೊನೆಯಲ್ಲಿ ನಿಂತು ನಾನೂ ಹೋಗಿ ಹೂವು ಹಾಕಿ ಬಂದೆ. ಬೇಡುವುದಕ್ಕೆ ಏನೂ ಇರಲಿಲ್ಲ.

ತಿರುಗಿ ಮನೆಗೆ ಬಂದು ಬಾಗಿಲು ತೆಗೆದಾಗ ದೇವರ ಮುಂದಿನ ದೀಪ ಹಚ್ಚಿಟ್ಟ ಹಾಗೆಯೇ ಉರಿಯುತ್ತಿತ್ತು. ನೋಡು ದೊಡ್ಡಮ್ಮ, ಯಾರಿಗೂ ಸಿಟ್ಟು ಬಂದಿಲ್ಲ ಎಂದು ಹೇಳಬೇಕೆನಿಸಿ ಒಳಕೋಣೆಯವರೆಗೂ ಹೋದೆ. ಹಾಸಿಗೆ ಸುತ್ತಿಟ್ಟಿತ್ತು.