ಮೋಟರಿನದೋ, ಮೈಯದೋ

ಸುತ್ತಮುತ್ತಲ ಮಕ್ಕಳಿಗೆಲ್ಲ ಅವನು ಲಿಫ್ಟಣ್ಣ. ನಿಜವಾದ ಹೆಸರು ಗೊತ್ತಿದ್ದದ್ದು ಬ್ಯಾಂಕಿನವರಿಗೆ ಮತ್ತು ಹೆಂಡತಿಗೆ. ಅವಳೂ ಸಿಟ್ಟು ಬಂದಾಗ ಮಾತ್ರ ಅದನ್ನು ಬಳಸುತ್ತಿದ್ದಳು. ಎತ್ತರದ ಕಟ್ಟಡಗಳ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಒಂದು ಪುಟ್ಟ ಕೋಣೆ ಇರುತ್ತದಲ್ಲ, ಒಳಗೆ ಮೋಟರು, ಉಕ್ಕಿನ ಹಗ್ಗ ಸುತ್ತುವ ಚಕ್ರ, ಗ್ರೀಸಿನ ಘಾಟು, ಲಿಫ್ಟು ರಿಪೇರಿ ಮಾಡುವ ಅವನಿಗೆ ಅದೇ ಆಫೀಸು.

ಚೀಲದಲ್ಲಿ ಅಳೆಯುವ ಸಾಧನಗಳೆಲ್ಲ ಇದ್ದವು. ಆದರೆ ಅವುಗಳ ಸರದಿ ಆಮೇಲೆ. ಮೊದಲು ಅವನು ಎಡಗೈಯನ್ನು ಬಟ್ಟೆಗೆ ಒರೆಸಿ, ಓಡುವ ಮೋಟರಿನ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒಳಗಿನ ಬೇರಿಂಗ್ ಸವೆಯತೊಡಗಿದ್ದರೆ ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತಿತ್ತು. ಕೆಲಸ ಕಲಿಸಿದ ಮೇಸ್ತ್ರಿಯೂ ಹಾಗೇ ನೋಡುತ್ತಿದ್ದವನು. ಈಗ ಇಬ್ಬರೂ ಜೊತೆಯಲ್ಲೇ ತಿರುಗುತ್ತಿದ್ದರು.

ಹೀಗಿರುವಾಗ, ಮಗಳು ಅಂಬೆಗಾಲಿಡುವ ಹೊತ್ತಿಗೆ, ಲಿಫ್ಟಣ್ಣನ ಮೈಯೊಳಗೇ ಒಂದು ಮೋಟರು ಶುರುವಾಯಿತು.

ಬೆಳಿಗ್ಗೆ ಎಚ್ಚರವಾಗಿ, ಕಣ್ಣು ಇನ್ನೂ ತೆರೆಯದೆ ಇರುವಾಗ, ಎದೆಗೂಡಿನಿಂದ ತೊಡೆಯವರೆಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ನೋವಿಲ್ಲ, ಚಳಿಯಿಲ್ಲ. ಎಲ್ಲೋ ಮೂರನೇ ಮನೆಯಲ್ಲಿ ಮಿಕ್ಸಿ ಓಡಿಸಿ ಅದರ ನಡುಕವನ್ನಷ್ಟೇ ಇವನ ಹಾಸಿಗೆಗೆ ಕಳಿಸಿದಂತೆ. ಮೊದಲ ದಿನ ಎದ್ದುಹೋಗಿ ಫ್ರಿಜ್ಜು ಆರಿಸಿದ. ಮರುದಿನ ನೆಲಕ್ಕೆ ಕಿವಿಯಿಟ್ಟು ಮಲಗಿದ. ಹಾಲು ಕೆಟ್ಟದ್ದಷ್ಟೇ ಲಾಭ.

"ಇಲ್ಲಿ ಕೈಯಿಡು," ಎಂದು ಹೆಂಡತಿಯ ಕೈಯನ್ನು ಎದೆಗೆ ಒತ್ತಿಕೊಂಡ.

ಅವಳು ಒಂದಷ್ಟು ಹೊತ್ತು ಕಾದಳು. "ಏನೂ ಇಲ್ಲ ಕಣ್ರೀ. ಶರ್ಟಿನ ಗುಂಡಿ ಒಂದು ಹೋಗಿದೆ, ಅಷ್ಟೇ."

ಜೊತೆಯಲ್ಲೇ ಇದ್ದ ಅತ್ತೆ, "ಫೋನು ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗಿದ್ರೆ ಇನ್ನೇನಾಗುತ್ತೆ?" ಎಂದರು. ಫೋನು ಅಡುಗೆಮನೆಗೆ ಹೋಯಿತು, ಗುಂಯ್ ಹೋಗಲಿಲ್ಲ. ಅವರೇ ಒಂದು ಬೆಳಿಗ್ಗೆ ತುಂಬಿದ ಲೋಟವನ್ನು ಅಳಿಯನ ಹೊಟ್ಟೆಯ ಮೇಲೆ ಇಟ್ಟು ಪರೀಕ್ಷೆಯನ್ನೂ ಮಾಡಿಬಿಟ್ಟರು. ಒಳಗೆ ಅಷ್ಟು ನಡುಗುತ್ತಿದ್ದರೂ ನೀರು ಮಿಸುಕಲಿಲ್ಲ. ಮಗಳು ತೆವಳಿಕೊಂಡು ಬಂದು ಅದನ್ನು ಅಪ್ಪನ ಮೇಲೇ ಸುರಿದಳು. ಪರೀಕ್ಷೆ ಮುಗಿಯಿತು.

"ನನ್ನ ಬೇರಿಂಗ್ ಹೋಗಿದೆ ಅನ್ಸುತ್ತೆ," ಎಂದ ಅವನು ಮೈ ಒರೆಸಿಕೊಳ್ಳುತ್ತ.

"ಗ್ಯಾರಂಟಿ ಮುಗಿದಮೇಲೆ ಹೇಳ್ತೀರಲ್ಲ," ಎಂದಳು ಹೆಂಡತಿ.

ಹಲ್ಲುಜ್ಜುವ ಹೊತ್ತಿಗೆ ಅದು ತಾನಾಗಿ ಅಡಗುತ್ತಿತ್ತು. ಹಾಗಾಗಿ ಎಲ್ಲರೂ ನಕ್ಕು ಸುಮ್ಮನಾದರು.

ನಗು ನಿಂತದ್ದು ಒಂದು ಮಧ್ಯಾಹ್ನ. ಮಗಳಿಗೆ ಹಲ್ಲು ಬರುತ್ತಿದ್ದ ದಿನಗಳು. ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಒಂದು ಕಟ್ಟಡದ ಮೋಟರು ಕೋಣೆಯಲ್ಲಿ ಬುತ್ತಿ ಮುಗಿಸಿ, ರಟ್ಟು ಹಾಸಿಕೊಂಡು, ಲಿಫ್ಟಣ್ಣ ಹಾಗೇ ಕಣ್ಣು ಮುಚ್ಚಿದ. ಕೆಳಗಿನಿಂದ ಮೇಸ್ತ್ರಿ ಫೋನು ಮಾಡಿ, "ಏನೋ, ನೋಡಿದ್ಯಾ ಇಲ್ವಾ?" ಎಂದಾಗ ದಡಬಡಿಸಿ ಎದ್ದು ಮೋಟರಿಗೆ ಅಂಗೈ ಕೊಟ್ಟ. ಕೈಯೆಲ್ಲ ನಡುಗಿತು. ಹಿಂದೆಮುಂದೆ ಯೋಚಿಸದೆ ಲಿಫ್ಟು ನಿಲ್ಲಿಸಿ ಬೀಗ ಹಾಕಿದ.

ಹೊಸ ಬೇರಿಂಗ್ ಬರುವವರೆಗೆ ಜನ ಮೆಟ್ಟಿಲು ಹತ್ತಿದರು. ತೀರ ಮೇಲಿನ ಮನೆಯಲ್ಲಿದ್ದದ್ದು ಆ ಕಟ್ಟಡದ ಸೆಕ್ರೆಟರಿ ಮೇಡಂ, ನಿವೃತ್ತ ಟೀಚರು. ಎರಡೆರಡು ಮೆಟ್ಟಿಲಿಗೆ ಒಮ್ಮೆ ನಿಂತು ಇವನನ್ನು ನೆನೆದರು. ಕೊನೆಗೆ ಮೇಸ್ತ್ರಿ ಮೋಟರು ಬಿಚ್ಚಿ ನೋಡಿದರೆ, ಹಳೆಯ ಬೇರಿಂಗ್ ಹೊಸದಕ್ಕಿಂತ ನುಣುಪಾಗಿತ್ತು.

"ಇದರಲ್ಲಿ ಏನು ಕಂಡ್ಯೋ ನೀನು?" ಎಂದ ಮೇಸ್ತ್ರಿ.

ಲಿಫ್ಟಣ್ಣನಿಗೆ ಉತ್ತರ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ನಡುಗಿದ್ದು ಮೋಟರಲ್ಲ, ತಾನು. ನಿದ್ದೆಯಿಂದ ಎದ್ದ ಕೈಯನ್ನು ಮೋಟರಿಗೆ ಕೊಟ್ಟಿದ್ದ. ಬೈಗುಳವನ್ನೇನೋ ನುಂಗಬಹುದು; ಸರಿಯಿದ್ದದ್ದನ್ನು ಕೆಟ್ಟಿದೆ ಎಂದದ್ದಕ್ಕೆ ಬಿದ್ದ ಬೈಗುಳ ಅದು. ಆದರೆ ನಾಳೆ ನಿಜವಾಗಿಯೂ ಕೆಟ್ಟ ಮೋಟರು ನಡುಗಿ, ಇದು ನನ್ನ ಮೈಯದೇ ಎಂದುಕೊಂಡು ಬಿಟ್ಟುಬಂದರೆ? ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡು ಲಿಫ್ಟಿನೊಳಗೆ ತಳ್ಳಾಡುವ ಮಕ್ಕಳು ಕಣ್ಣಮುಂದೆ ಬಂದರು. ತನ್ನ ಸ್ಟಾಪು ಬಂದುಹೋದದ್ದೂ ತಿಳಿಯಲಿಲ್ಲ.

ಅಂದಿನಿಂದ ಎಡಗೈ ಜೇಬು ಸೇರಿತು. ಸಾಧನ ಹಿಡಿದು ನೋಡುವುದು, ಬರೆದುಕೊಳ್ಳುವುದು, ಮೇಸ್ತ್ರಿಯನ್ನು ಕರೆದು ಇನ್ನೊಮ್ಮೆ ನೋಡಿಸುವುದು. ಒಂದು ಕಟ್ಟಡಕ್ಕೆ ಎರಡು ಕಟ್ಟಡದ ಹೊತ್ತು ಹಿಡಿಯತೊಡಗಿತು. ಊಟಕ್ಕೆ ಕೂತಾಗ ಹೆಂಡತಿಗೆ, "ಗೋದಾಮಿನಲ್ಲಿ ಬಿಡಿಭಾಗ ಎತ್ತಿಕೊಡೋ ಕೆಲಸ ಇದ್ಯಂತೆ. ಅಲ್ಲಿಗೆ ಹಾಕಿ ಅಂತ ಕೇಳಲಾ?" ಎಂದ.

ಅವಳು ಮಗಳ ಬಾಯಿಗೆ ಚಮಚ ತುರುಕುತ್ತಿದ್ದವಳು ಕೈ ನಿಲ್ಲಿಸಿದಳು. ಲಿಫ್ಟಿನ ಕೆಲಸ ಬಿಟ್ಟರೆ ಈ ಮನುಷ್ಯ ಒಣಗಿಹೋಗುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. "ಮೊದಲು ಡಾಕ್ಟರು," ಎಂದಳು.

ರಕ್ತ ತೆಗೆದರು, ನರ ನೋಡಿದರು, ಎದೆಗೆ ತಂತಿ ಅಂಟಿಸಿದರು. ಎಲ್ಲವೂ ಸರಿಯಾಗಿತ್ತು. ಡಾಕ್ಟರಮ್ಮ ಕನ್ನಡಕ ಮೇಲೇರಿಸಿ, "ನಿದ್ದೆ ಬರುವಾಗ, ಏಳುವಾಗ ಮೈಯೊಳಗೆ ಹೀಗೆ ಆಗುತ್ತೆ ಅಂತ ಹೇಳೋರು ನೀವೊಬ್ರೇ ಅಲ್ಲ. ನಿಮಗೆ ಯಾಕೆ ಆಗ್ತಿದೆ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ. ಹೆದರೋ ಅಂಥದ್ದು ಯಾವುದೂ ಕಾಣ್ತಿಲ್ಲ. ಟೀ ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ಹೆಚ್ಚಾದ್ರೆ, ಬೇರೆ ಏನಾದ್ರೂ ಶುರುವಾದ್ರೆ ಬನ್ನಿ," ಎಂದರು. ಅಷ್ಟರಲ್ಲಿ ಹೊರಗೆ ಮಗಳು ಕಿರುಚಿದ್ದು ಕೇಳಿಸಿತು. "ನಿಮ್ಮದಾ? ಹಾಗಾದ್ರೆ ನಿದ್ದೆ ವಿಷಯ ಬಿಡಿ. ಟೀ ಮಾತ್ರ ಕಡಿಮೆ ಮಾಡಿ."

"ಕಾರಣ ಗೊತ್ತಿಲ್ಲ ಅಂತ ನಾನು ಹೇಳಿದ್ರೆ ಯಾರಾದ್ರೂ ಲಿಫ್ಟು ಹತ್ತುತ್ತಾರಾ?" ಎಂದು ದಾರಿಯುದ್ದಕ್ಕೂ ಗೊಣಗಿದ.

ಅದೇ ವಾರ, ಸಂಜೆ, ಅತ್ತೆ ಮೊಮ್ಮಗಳನ್ನು ಎತ್ತಿಕೊಂಡವರು, "ಮೈ ಬೆಚ್ಚಗಿದೆ ಕಣೇ," ಎಂದರು. ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಕೈ ಕೊಡವಿಕೊಂಡು ಬಂದಳು. ಬಂದವಳು ಮೊದಲು ತನ್ನ ಕುತ್ತಿಗೆಯನ್ನೇ ಮುಟ್ಟಿಕೊಂಡಳು. ಆಮೇಲೆ ಮಗಳದನ್ನು. "ಜ್ವರ ಇಲ್ಲಮ್ಮ," ಎಂದು ತಿರುಗಿದಳು.

"ಜ್ವರ ಮಗೂಗಾ ನಿನಗಾ?" ಎಂದ ಲಿಫ್ಟಣ್ಣ.

"ತಣ್ಣೀರಲ್ಲಿ ಇದ್ದ ಕೈ ಇದು. ಯಾರನ್ನ ಮುಟ್ಟಿದ್ರೂ ಸುಡುತ್ತೆ ಅನ್ನುತ್ತೆ. ಈಗ ನನ್ನ ಕುತ್ತಿಗೇನೂ ಸುಡ್ತಿದೆ, ಅವಳದೂ ಅಷ್ಟೇ ಸುಡ್ತಿದೆ. ಅಂದ್ರೆ ಇಬ್ಬರಿಗೂ ಏನೂ ಇಲ್ಲ. ಕೈ ಎಷ್ಟು ಸುಳ್ಳು ಹೇಳ್ತಿದೆ ಅಂತ ಮೊದಲು ತಿಳ್ಕೋಬೇಕಲ್ರೀ."

ಅವನು ಚಹಾದ ಲೋಟ ಹಿಡಿದವನು ಹಾಗೇ ಕೂತ. ಚಹಾ ಆರಿಹೋಯಿತು.

ಮರುದಿನ ಕೋಣೆಯೊಳಗೆ ಕಾಲಿಡುವ ಮೊದಲು, ಹೊರಗೆ ನೀರಿನ ಟ್ಯಾಂಕಿನ ಸಿಮೆಂಟು ಕಟ್ಟೆಯ ಮೇಲೆ ಅಂಗೈ ಇಟ್ಟ. ಅದರೊಳಗೆ ಓಡುವಂಥದ್ದು ಏನೂ ಇಲ್ಲ. ಅದೂ ನಡುಗಿದರೆ ನಡುಕ ಇವನದು. ಸುಮ್ಮನಿದ್ದರೆ ಕೈ ನೆಟ್ಟಗಿದೆ. ಮೇಸ್ತ್ರಿ ನೋಡಿ, "ಟ್ಯಾಂಕಿಗೆ ಯಾಕೋ ಆಶೀರ್ವಾದ ಮಾಡ್ತಿದೀಯ?" ಎಂದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಲಿಫ್ಟಣ್ಣ ಎಲ್ಲವನ್ನೂ ಹೇಳಿಕೊಂಡ. ಮೇಸ್ತ್ರಿ ನಗಲಿಲ್ಲ. ಊರಿಗೆಲ್ಲ ಹೇಳಿದ, ಅಷ್ಟೇ.

ಕೆಲವು ತಿಂಗಳು ಕಳೆದು ಮತ್ತೆ ಆ ಸೆಕ್ರೆಟರಿ ಟೀಚರಮ್ಮನ ಕಟ್ಟಡದ ಸರದಿ ಬಂತು. ಬಸ್ಸಿನಲ್ಲಿ ಲಿಫ್ಟಣ್ಣ ಕಿಟಕಿಗೆ ಒರಗಿ ತೂಕಡಿಸಿದ್ದ. ತಾರಸಿಗೆ ಬಂದು ಕಟ್ಟೆ ಮುಟ್ಟಿದರೆ, ಕಟ್ಟೆ ಗುಂಯ್ ಎನ್ನುತ್ತಿತ್ತು.

"ಆಯ್ತೇನೋ? ಕೆಳಗೆ ಜನ ಕಾಯ್ತಿದಾರೆ," ಎಂದ ಮೇಸ್ತ್ರಿ ಫೋನಿನಲ್ಲಿ.

"ಇನ್ನೂ ಇಲ್ಲ. ನಾನು ನಿಲ್ಲಬೇಕು."

"ನಿಂತೇ ಇದ್ದೀಯಲ್ಲೋ."

"ನನ್ನ ಒಳಗಿನದು ನಿಲ್ಲಬೇಕು ಮೇಸ್ತ್ರಿ."

ಕಟ್ಟೆಯ ಪಕ್ಕ ಕೂತ. ಕೆಳಗೆ ಯಾರೋ ಲಿಫ್ಟಿನ ಬಾಗಿಲು ಬಡಿದರು. ಮೇಸ್ತ್ರಿ ಮತ್ತೊಮ್ಮೆ ಫೋನು ಮಾಡಿದ, ಇವನು ಎತ್ತಲಿಲ್ಲ. ಪಕ್ಕದ ತಾರಸಿಯಲ್ಲಿ ಒಬ್ಬಾಕೆ ಬಟ್ಟೆ ಒಣಹಾಕಿ ಮುಗಿಸಿದಳು. ಆಮೇಲೆ ನಿಧಾನವಾಗಿ, ಯಾರೋ ಸ್ವಿಚ್ಚಿನ ಮೇಲೆ ಬೆರಳಿಟ್ಟಂತೆ, ಒಳಗಿನ ಗುಂಯ್ ಇಳಿಯಿತು. ಕಟ್ಟೆ ಬರೀ ಕಟ್ಟೆಯಾಯಿತು. ಎದ್ದು ಒಳಗೆ ಹೋಗಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ ಮೋಟರಿಗೆ ಅಂಗೈ ಇಟ್ಟ. ಸುತ್ತಿಗೊಮ್ಮೆ ಮರಳು ಜಗಿದಂಥ ಒಂದು ಸಣ್ಣ ಕರಕರ. ಹೊರಗೆ ಬಂದು ಕಟ್ಟೆ ಮುಟ್ಟಿದ, ಸುಮ್ಮನಿತ್ತು. ಮತ್ತೆ ಮೋಟರು, ಕರಕರ. ಮೋಟರು ಬಿಚ್ಚಲು ಮೇಸ್ತ್ರಿಯನ್ನು ಮೇಲೆ ಕರೆದು, ಕರೆಂಟು ತೆಗೆದು, ಲಿಫ್ಟು ಕೆಟ್ಟಿದೆ ಎಂಬ ಬೋರ್ಡು ತೂಗುಹಾಕಲು ತಾನು ಕೆಳಗಿಳಿದ.

ಕೆಳಗೆ ಟೀಚರಮ್ಮ ತರಕಾರಿ ಚೀಲ ಹಿಡಿದು ನಿಂತಿದ್ದರು. ಬೋರ್ಡು ನೋಡಿದರು, ಇವನ ಮುಖ ನೋಡಿದರು.

"ಈ ಸಲ ಮೋಟರಿನದೋ, ಮೈಯದೋ?"

"ಮೋಟರಿನದೇ ಮೇಡಂ."

"ಹೋದ ಸಲವೂ ಇಷ್ಟೇ ಗಟ್ಟಿಯಾಗಿ ಹೇಳಿದ್ದೆ."

"ಹೋದ ಸಲ ಕೈಗೆ ನಡುಕ ತಾಕಿದ ತಕ್ಷಣ ಹೇಳ್ಬಿಟ್ಟೆ. ಈ ಸಲ ನನ್ನದು ಅಡಗೋವರೆಗೂ ಕಾದೆ. ಅದಕ್ಕೇ ಇಷ್ಟು ತಡ ಆಗಿದ್ದು."

ಟೀಚರಮ್ಮ ಮೆಟ್ಟಿಲುಗಳನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ಅಳೆದರು. "ಸರಿ, ಇದನ್ನ ಹಿಡ್ಕೋ," ಎಂದು ಚೀಲವನ್ನು ಅವನ ಕೈಗೆ ದಾಟಿಸಿ, ಕಟಾಂಜನದ ಕಂಬಿ ಹಿಡಿದು ಹತ್ತತೊಡಗಿದರು. ಅವನು ಹಿಂದೆ ಹಿಂದೆ.

ಅರ್ಧ ದಾರಿಯಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಿಂತಾಗ, ಮೇಲಿನಿಂದ ಮೇಸ್ತ್ರಿಯ ದನಿ ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಇಳಿದು ಬಂತು. "ಲೇ, ಬಾರೋ ಮೇಲೆ. ಹೋದ ಸಲದ್ದಲ್ಲ, ಆ ಕಡೆಯ ಬೇರಿಂಗ್ ಪೂರ್ತಿ ಸವೆದುಹೋಗಿದೆ ಕಣೋ. ಇನ್ನೊಂದು ತಿಂಗಳು ಬಿಟ್ಟಿದ್ರೆ ಮುಗೀತಿತ್ತು ಕಥೆ."

ಲಿಫ್ಟಣ್ಣ ಗೋಡೆಗೆ ಒರಗಿದ. ಟೀಚರಮ್ಮ ಅವನನ್ನೇ ನೋಡುತ್ತಿದ್ದರು.

"ಬಂದೆ ಮೇಸ್ತ್ರಿ," ಎಂದು ಅವನು ಮೇಲಕ್ಕೆ ಕೂಗಿದ. "ಮೇಡಂ ಜೊತೆ ನಿಧಾನಕ್ಕೆ ಬರ್ತಿದೀನಿ."