ಬೇಕೆಂದೇ ಬಿಟ್ಟ ಎರಡು ಪದ

ನಮ್ಮೂರು ಗ್ರಾನ್‌ಫೋರ್ಸಿನ ಕಾಫಿ ಅಂಗಡಿಗೆ ಕೊನ್ನಿ ಎಡಿನ್ ಬಂದರೆ ಈಗಲೂ ಯಾರಾದರೊಬ್ಬರು ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಹದಿನೈದು ವರ್ಷ ನಮ್ಮೂರ ಐಸ್ ಹಾಕಿ ತಂಡದಲ್ಲಿ ಸಂಬಳಕ್ಕೆ ಆಡಿದವನು, ಅದರಲ್ಲಿ ಆರು ವರ್ಷ ಕ್ಯಾಪ್ಟನ್. ಮುಂದಿನ ಮೂರು ಹಲ್ಲು ಕಟ್ಟಿಸಿಕೊಂಡವು. ಎಡ ಮೊಣಕಾಲು ಮೆಟ್ಟಿಲಿಳಿಯುವಾಗ ಲಟಲಟ ಎನ್ನುತ್ತದೆ. ಹೆಂಡತಿ, ವಾರದಲ್ಲಿ ನಾಲ್ಕು ದಿನ ಬಸ್ಸಿನಲ್ಲೇ ಇರುವ ಗಂಡ ಯಾವ ಗಂಡ ಎಂದು ಹೇಳಿ ಯಾವತ್ತೋ ಹೊರಟುಹೋದಳು. ಈಗ ಅವನು ಕಾಗದದ ಕಾರ್ಖಾನೆಯ ಗೋದಾಮಿನಲ್ಲಿ ಸುರುಳಿ ಎತ್ತುವ ಗಾಡಿ ಓಡಿಸುತ್ತಾನೆ. ಇಷ್ಟು ಊರಿಗೆಲ್ಲ ಗೊತ್ತು. ಯಾರಿಗೂ ಗೊತ್ತಿಲ್ಲದ ಒಂದು ಮಾತು ಮಾತ್ರ ಒಂಬತ್ತು ವರ್ಷ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಅವನು ಅನ್ನೆಲಿಗೆ ಹೇಳಬೇಕಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ.

ಅನ್ನೆಲಿ, ಯೆರ್ಕರ್ ಲೊಡೆನ್‌ನ ಹೆಂಡತಿ. ಯೆರ್ಕರ್ ಮತ್ತು ಕೊನ್ನಿ ನಮ್ಮ ತಂಡದ ಹಿಂದಿನ ಸಾಲಿನ ಜೋಡಿ. ಗೋಲಿನ ಮುಂದೆ ಎಡಕ್ಕೆ ಕೊನ್ನಿ, ಬಲಕ್ಕೆ ಯೆರ್ಕರ್. ಒಂಬತ್ತು ಸೀಸನ್ ಹಾಗೇ ಆಡಿದರು. ಬಸ್ಸಿನಲ್ಲಿ ಒಂದೇ ಸೀಟು, ಹೋಟೆಲಿನಲ್ಲಿ ಒಂದೇ ಕೋಣೆ. ಯೆರ್ಕರ್ ತಲೆಯೆತ್ತಿ ನೋಡದೆಯೇ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ತಳ್ಳುತ್ತಿದ್ದ, ಅದು ಹೋಗಿ ಕೊನ್ನಿಯ ಸ್ಟಿಕ್ಕಿಗೇ ಅಂಟುತ್ತಿತ್ತು. ಗಂಡ ಹೆಂಡತಿಗೂ ಅಷ್ಟು ಹೊಂದಾಣಿಕೆ ಇರುವುದಿಲ್ಲ ಎಂದು ನಾವು ನಗುತ್ತಿದ್ದೆವು. ಕೊನ್ನಿಯ ಹೆಂಡತಿಗೆ ಮಾತ್ರ ಆ ನಗು ಹಿಡಿಸುತ್ತಿರಲಿಲ್ಲ.

ಪ್ರತಿ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗುವ ಮೊದಲು, ತಂಡದ ಡಾಕ್ಟರ್ ವಿಡೇನ್ ಒಬ್ಬೊಬ್ಬರನ್ನೇ ಕರೆದು ತಲೆಯ ಪರೀಕ್ಷೆ ಮಾಡುತ್ತಿದ್ದರು. ಐದು ಪದ ಓದಿ ಹೇಳುವುದು, ಆಮೇಲೆ ತಿಂಗಳುಗಳ ಹೆಸರನ್ನು ಹಿಂದುಮುಂದಾಗಿ ಹೇಳಿಸುವುದು, ಒಂಟಿ ಕಾಲಲ್ಲಿ ನಿಲ್ಲಿಸುವುದು, ಕೊನೆಗೆ ಆ ಐದು ಪದ ಏನೆಂದು ಕೇಳುವುದು. ಎಷ್ಟು ಬಂತೆಂದು ಬರೆದಿಟ್ಟುಕೊಳ್ಳುವುದು. ಮುಂದೆ ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಅದನ್ನೇ ಕೇಳುತ್ತಾರೆ, ಆಗಸ್ಟ್‌ಗಿಂತ ಕಡಿಮೆ ಬಂದರೆ ಆಡಿಸುವುದಿಲ್ಲ. ಡಾಕ್ಟರ ಹತ್ತಿರ ಇದ್ದದ್ದು ಒಂದೇ ಹಾಳೆ. ಕತ್ತರಿ, ಹಾಲು, ಏಣಿ, ಗುಬ್ಬಿ, ಬೂಟು. ವರ್ಷ ವರ್ಷ ಅವೇ ಐದು. ತಂಡದವರಿಗೆಲ್ಲ ಅವು ಮಕ್ಕಳ ಹೆಸರಿನಷ್ಟು ಬಾಯಿಪಾಠ.

ಅದಕ್ಕೇ ಆಟಗಾರರು ಎರಡನ್ನು ಬೇಕೆಂದೇ ಬಿಡುತ್ತಿದ್ದರು. ಆಗಸ್ಟ್‌ನಲ್ಲಿ ಮೂರೇ ಬರೆಸಿಕೊಂಡರೆ ಮಾರ್ಚ್‌ನಲ್ಲಿ ತಲೆ ಧಿಮ್ಮೆಂದರೂ ಮೂರು ಹೇಳಿ ಆಟಕ್ಕಿಳಿಯಬಹುದು. ಈ ಬುದ್ಧಿವಂತಿಕೆಯನ್ನು ಹೊಸಬರಿಗೆಲ್ಲ ಕಲಿಸಿಕೊಡುತ್ತಿದ್ದವನು ಕ್ಯಾಪ್ಟನ್ ಕೊನ್ನಿಯೇ. ಯೆರ್ಕರ್ ಬಿಡುತ್ತಿದ್ದದ್ದು ಯಾವಾಗಲೂ ಏಣಿ ಮತ್ತು ಬೂಟು. ಬಹಳ ಯೋಚಿಸುವವನಂತೆ ಹಣೆ ಉಜ್ಜಿಕೊಂಡು, ಇನ್ನು ಬರ್ತಿಲ್ಲ ಡಾಕ್ಟ್ರೇ ಎಂದು ತಲೆ ತಗ್ಗಿಸಿ, ಬಾಗಿಲ ಬಳಿ ಕಾಯುತ್ತಿದ್ದ ಕೊನ್ನಿಗೆ ಕಣ್ಣು ಹೊಡೆಯುತ್ತಿದ್ದ.

ಆ ಮಾರ್ಚ್‌ನಲ್ಲಿ ನಾವು ಮೇಲಿನ ದರ್ಜೆಗೆ ಏರಲು ಒಂದೇ ಪಂದ್ಯ ಬಾಕಿ ಇತ್ತು. ಇಪ್ಪತ್ತಾರು ವರ್ಷದಿಂದ ಕಾದಿದ್ದ ಪಂದ್ಯ. ಕಾರ್ಖಾನೆಯ ಪಾಳಿಯನ್ನೇ ಬದಲಿಸಿದ್ದರು. ಎರಡು ಎರಡು ಸಮ, ಹನ್ನೊಂದು ನಿಮಿಷ ಉಳಿದಿರುವಾಗ ಯೆರ್ಕರ್‌ನ ತಲೆ ಗಾಜಿನ ಗೋಡೆಗೆ ಅಪ್ಪಳಿಸಿತು. ಎತ್ತಿ ಒಳಗೆ ಕರೆದೊಯ್ದರು. ಗದ್ದ ಸೀಳಿ ರಕ್ತ ಸುರಿಯುತ್ತಿದ್ದ ಕೊನ್ನಿ ಹೊಲಿಗೆ ಹಾಕಿಸಿಕೊಳ್ಳಲು ಅದೇ ಕೋಣೆಯಲ್ಲಿ ಕೂತಿದ್ದ.

ಡಾಕ್ಟರ್ ಐದು ಪದ ಓದಿದರು, ಉಳಿದದ್ದೆಲ್ಲ ಬೇಗ ಬೇಗ ಕೇಳಿ ಮುಗಿಸಿದರು, ಕೊನೆಗೆ ಪದ ಹೇಳು ಎಂದರು. ಯೆರ್ಕರ್ ಗೋಡೆ ನೋಡುತ್ತ ಕತ್ತರಿ ಎಂದ. ಬಹಳ ಹೊತ್ತಾದ ಮೇಲೆ ಬೂಟು ಎಂದ. ಆಮೇಲೆ ಏಣಿ. ಅಲ್ಲಿಗೆ ನಿಂತ.

ಕೊನ್ನಿಗೆ ಗೊತ್ತಾಗಿಹೋಯಿತು. ಈಗ ಬಿಟ್ಟುಹೋದವು ಯೆರ್ಕರ್ ಯಾವಾಗಲೂ ಬಿಡುವ ಎರಡಲ್ಲ. ಬಿಡುವುದನ್ನು ಹೇಳಿದ್ದಾನೆ, ಹೇಳುವುದನ್ನು ಬಿಟ್ಟಿದ್ದಾನೆ. ಹಾಲು, ಗುಬ್ಬಿ ಅವನ ತಲೆಯಲ್ಲಿ ಇಲ್ಲವೇ ಇಲ್ಲ. ಕಣ್ಣೂ ಹೊಡೆಯಲಿಲ್ಲ. ಡಾಕ್ಟರು ಆಗಸ್ಟ್‌ನಲ್ಲಿ ಬರೆದಿಟ್ಟುಕೊಂಡದ್ದು ಲೆಕ್ಕ ಮಾತ್ರ. ಆಗ ಮೂರು, ಈಗಲೂ ಮೂರು. ಆದರೂ ಅವರಿಗೆ ಏನೋ ಅನುಮಾನ. ಕೊನ್ನಿಯ ಕಡೆ ತಿರುಗಿದರು.

"ದಿನಾ ಇವನ ಪಕ್ಕದಲ್ಲಿ ಇರೋನು ನೀನು. ನೀನೇ ಹೇಳು. ಇವನು ಸರಿ ಇದಾನಾ?"

ಹೊರಗೆ ನಾವು ನಾಲ್ಕು ಸಾವಿರ ಜನ ಕಾಲಲ್ಲಿ ಹಲಗೆ ಗುದ್ದುತ್ತಿದ್ದೆವು. ಆ ಸದ್ದು ಕೋಣೆಯ ಗೋಡೆಯವರೆಗೂ ಬರುತ್ತಿತ್ತು.

"ಇವನು ಹುಟ್ಟಿದಾಗಿಂದ್ಲೂ ಹೀಗೇ," ಎಂದು ನಕ್ಕ ಕೊನ್ನಿ. "ಕಳಿಸಿ."

ಯೆರ್ಕರ್ ಕೂಡ ನಕ್ಕ. ಗೆಳೆಯ ನಕ್ಕದ್ದರಿಂದ ನಕ್ಕ, ಅಷ್ಟೆ.

ಏಳು ನಿಮಿಷದ ನಂತರ ಮೂಲೆಗೆ ಹೋದ ಪಕ್ ಅನ್ನು ತರಲು ಯೆರ್ಕರ್ ಹೋದ. ಹಿಂದಿನಿಂದ ಎದುರಾಳಿ ಬರುತ್ತಿರುವುದು ನಮಗೆಲ್ಲ ಕಾಣುತ್ತಿತ್ತು. ಎಡಗಡೆ ಎಂದು ಕೊನ್ನಿ ಗಂಟಲು ಹರಿಯುವಂತೆ ಕಿರುಚಿದ. ಯೆರ್ಕರ್ ಬಲಗಡೆ ತಿರುಗಿ ನೋಡಿದ.

ಪಂದ್ಯ ಗೆದ್ದೆವು. ಮರುವರ್ಷವೇ ಸೋತು ಕೆಳಗಿಳಿದೆವು, ಆ ಮಾತು ಬೇರೆ. ಯೆರ್ಕರ್‌ನ ತಲೆಯೊಳಗೆ ರಕ್ತ ಕಟ್ಟಿತ್ತು. ಹೆಲಿಕಾಪ್ಟರಿನಲ್ಲಿ ಒಯ್ದರು, ತಲೆಬುರುಡೆ ತೆರೆದರು, ಬದುಕಿಸಿಕೊಟ್ಟರು. ಮನೆಗೆ ಬಂದವನಿಗೆ ಬೆಳಕು ಆಗದು, ಸದ್ದು ಆಗದು. ಬೆಳಿಗ್ಗೆ ಕೇಳಿದ್ದು ಮಧ್ಯಾಹ್ನಕ್ಕೆ ಇಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ. ಅನ್ನೆಲಿ ಹಲ್ಲಿನ ಆಸ್ಪತ್ರೆಯ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡಳು. ಮೊದಲ ವರ್ಷ ತಂಡದವರೆಲ್ಲ ಹೂವು ಹಿಡಿದು ಬಂದರು. ಎರಡನೆಯ ವರ್ಷ ಕೆಲವರು. ಆಮೇಲೆ ಕೊನ್ನಿ ಒಬ್ಬನೇ, ಗುರುವಾರ ಗುರುವಾರ.

ಗುರುವಾರವೆಂದರೆ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹಳದಿ ಬಟಾಣಿಯ ಗಟ್ಟಿ ಸಾರು, ಮೇಲೊಂದಿಷ್ಟು ಸಾಸಿವೆ, ಆಮೇಲೆ ಜಾಮ್ ಸವರಿದ ತೆಳು ದೋಸೆ. ಯೆರ್ಕರ್‌ಗೆ ವಾರದಲ್ಲಿ ನೆನಪಿರುವ ದಿನ ಅದೊಂದೇ. ಬೆಳಿಗ್ಗೆಯಿಂದ ಕಿಟಕಿಯ ಬಳಿ ಕೂತು, ಕೊನ್ನಿಯ ಕಾರು ಕಂಡ ಕೂಡಲೇ ಬಾಗಿಲು ತೆಗೆಯುತ್ತಿದ್ದ. ಹೊರಡುವಾಗ ಅನ್ನೆಲಿ ಬಾಗಿಲವರೆಗೆ ಬಂದು, ನೀನೊಬ್ಬ ಇಲ್ಲದಿದ್ದರೆ ನಾವು ಏನಾಗ್ತಿದ್ವೋ ಎಂದು ಕೊನ್ನಿಯ ಕೈ ಹಿಡಿದುಕೊಳ್ಳುತ್ತಿದ್ದಳು. ಕಾರಿನಲ್ಲಿ ಕೂತ ಮೇಲೆ ಕೊನ್ನಿ ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಈ ವಾರವಲ್ಲ, ಬರುವ ವಾರ ಹೇಳುತ್ತೇನೆ ಎಂದುಕೊಂಡು ಒಂಬತ್ತು ವರ್ಷ ಕಳೆದ.

ಕಳೆದ ಚಳಿಗಾಲದಲ್ಲಿ ಕ್ಲಬ್ಬಿನವರಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಯೆರ್ಕರ್‌ನ ನಾಲ್ಕನೆಯ ನಂಬರಿನ ಅಂಗಿಯನ್ನು ಹಗ್ಗದಲ್ಲಿ ಕ್ರೀಡಾಂಗಣದ ಮಾಡಿಗೆ ಏರಿಸಿ ಶಾಶ್ವತವಾಗಿ ತೂಗುಬಿಡುವುದೆಂದು ತೀರ್ಮಾನವಾಯಿತು. ನಮ್ಮಲ್ಲಿ ಆಟಗಾರನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಹಗ್ಗ ಎಳೆಯುವವನು ಕೊನ್ನಿಯೇ ಆಗಬೇಕು ಎಂದು ಅನ್ನೆಲಿ ಹಟ ಹಿಡಿದಳು. ಎಲ್ಲರೂ ಕೈಬಿಟ್ಟಾಗ ಬಿಡದ ಗೆಳೆಯ ಎಂದು ಭಾಷಣವನ್ನೂ ಬರೆದಳು. ಗುರುವಾರ ಯೆರ್ಕರ್ ಮಲಗಿದ್ದಾಗ, ದೋಸೆಯ ಹಿಟ್ಟು ಕಲಸುತ್ತ ಅದನ್ನು ಓದಿ ಹೇಳಿದಳು.

ಆಗ ಕೊನ್ನಿ ಹೇಳಿದ. ಆಗಸ್ಟ್, ಮೂರು ಪದ, ಏಣಿ, ಬೂಟು, ಡಾಕ್ಟರ ಪ್ರಶ್ನೆ, ತನ್ನ ಉತ್ತರ. ಏನನ್ನೂ ಮುಚ್ಚಿಡಲಿಲ್ಲ. ಅನ್ನೆಲಿ ಹಿಟ್ಟಿನ ಸೌಟನ್ನು ಕೆಳಗಿಟ್ಟಳು.

"ಅವನಿಗೆ ನಿಜವಾಗ್ಲೂ ಬರ್ತಿಲ್ಲ ಅಂತ ನಿನಗೆ ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಒಂಬತ್ತು ವರ್ಷ ನಿನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದೀನಲ್ಲೋ ನಾನು," ಎಂದಳು. ದನಿ ಎತ್ತಲಿಲ್ಲ. "ಒಂದು ಸಲಾನಾದ್ರೂ ಸಾಕು ನಿಲ್ಸು ಅನ್ಬಾರದಾಗಿತ್ತಾ? ಹೋಗು. ಇನ್ಮೇಲೆ ಬರ್ಬೇಡ."

ಅಂಗಿ ಏರಿದ ದಿನ ಹಗ್ಗ ಎಳೆದವನು ಕ್ಲಬ್ಬಿನ ಅಧ್ಯಕ್ಷ. ಕೊನ್ನಿಗೆ ಮೊಣಕಾಲು ನೋವಂತೆ ಎಂದು ನಾವು ಮಾತಾಡಿಕೊಂಡೆವು. ಅವನು ಹಿಂದೆ, ನಿಂತು ನೋಡುವವರ ಗುಂಪಿನಲ್ಲಿ ಟೋಪಿ ಎಳೆದುಕೊಂಡು ನಿಂತಿದ್ದ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡ ಯೆರ್ಕರ್ ಮೇಲೇರುವ ಅಂಗಿಯನ್ನು ನೋಡುವುದು ಬಿಟ್ಟು ತನ್ನ ಎಡಗಡೆಯೇ ತಿರುಗಿ ತಿರುಗಿ ನೋಡುತ್ತಿದ್ದ. ಕೊನ್ನಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಆ ವಾರ ಗುರುವಾರ ಅವನು ಹೋಗಲಿಲ್ಲ. ಮುಂದಿನ ಗುರುವಾರ ಮಧ್ಯಾಹ್ನ ಗೋದಾಮಿಗೆ ಫೋನ್ ಬಂತು.

"ಹೋದ ವಾರ ಕತ್ತಲಾಗೋವರೆಗೂ ಕಿಟಕಿ ಹತ್ರಾನೇ ಕೂತಿದ್ದ, ಊಟ ಮಾಡ್ಲಿಲ್ಲ. ಇವತ್ತೂ ಕೂತಿದಾನೆ," ಎಂದಳು ಅನ್ನೆಲಿ. "ನೀನು ಏನು ಮಾಡ್ದೆ ಅಂತ ಅವನಿಗೆ ಗೊತ್ತಿಲ್ಲ, ಹೇಳಿದ್ರೂ ನೆನಪಲ್ಲಿ ನಿಲ್ಲಲ್ಲ. ನನಗೆ ಗೊತ್ತು. ಬಾ. ನನ್ನ ಹತ್ರ ಮಾತಾಡ್ಬೇಡ."

ಕೊನ್ನಿ ಹೋದ. ಯೆರ್ಕರ್ ಬಾಗಿಲು ತೆಗೆದು, ಎಲ್ಲಿ ಹಾಳಾಗಿ ಹೋಗಿದ್ಯೋ ಎಂದು ಅವನ ಹೆಗಲಿಗೆ ಗುದ್ದಿದ. ಇಬ್ಬರೂ ಸಾರು ಉಂಡರು. ಅನ್ನೆಲಿ ಒಲೆಯ ಕಡೆಗೇ ಮುಖ ಮಾಡಿ ದೋಸೆ ಹುಯ್ಯುತ್ತಿದ್ದಳು. ತಿರುಗದೆಯೇ ಒಂದು ಮಾತು ಹೇಳಿದಳು.

"ಅವನನ್ನ ಕೇಳು. ಆ ಐದು ಪದ. ನಾನೂ ಕೇಳಿಸ್ಕೋಬೇಕು."

ಒಂಬತ್ತು ವರ್ಷದಲ್ಲಿ ಕೊನ್ನಿ ಆ ಪದಗಳನ್ನು ಆ ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಒಂದೊಂದಾಗಿ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು, ಈಗ ನೀನು ಹೇಳು ಎಂದ.

ಯೆರ್ಕರ್ ಹಣೆ ಉಜ್ಜಿಕೊಂಡ. ಕತ್ತರಿ ಎಂದ. ಬೆರಳು ಮಡಚಿ ಬೂಟು ಎಂದ. ತುಟಿ ಅಲುಗಾಡಿಸುತ್ತ ಕೂತ, ಬೆವರಿದ, ಮೇಜಿನ ಅಂಚು ಹಿಡಿದುಕೊಂಡ. ಮತ್ತೇನೂ ಬರಲಿಲ್ಲ. ಕೊನೆಗೆ ಅವನ ಮುಖ ಇದ್ದಕ್ಕಿದ್ದಂತೆ ತಿಳಿಯಾಯಿತು. ಒಲೆಯ ಕಡೆ ಒಮ್ಮೆ ನೋಡಿ, ಮೇಜಿನ ಮೇಲೆ ಬಾಗಿ, ಕೊನ್ನಿಗೆ ಕಣ್ಣು ಹೊಡೆದ.

"ಮಿಕ್ಕಿದ್ದು ಬೇಕಂತ್ಲೇ ಬಿಟ್ಟೆ ಕಣೋ," ಎಂದು ಪಿಸುಗುಟ್ಟಿದ. "ಡಾಕ್ಟ್ರಿಗೆ ಹೇಳ್ಬೇಡ."

ಅನ್ನೆಲಿ ಒಲೆ ಆರಿಸಿದಳು. ಪಾತ್ರೆಯಲ್ಲಿ ಇನ್ನೂ ಎರಡು ದೋಸೆಗಾಗುವಷ್ಟು ಹಿಟ್ಟು ಇತ್ತು.

"ಹೇಳಲ್ಲ," ಎಂದ ಕೊನ್ನಿ.