ಅಕ್ಕ ಹೇಳಿದ ‘ಸಾಕು’

ಅನಘಾ, ನಿನ್ನ ಅಮ್ಮನ ಕೊನೆಯ ಮಾತನ್ನು ನಾನು ತಿರುಚಿ ಹೇಳಿದೆ. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ. ಅವಳು ಬೇಡ ಎಂದದ್ದನ್ನು ಬೇಕು ಎಂದಳು ಅಂತ ಡಾಕ್ಟರಿಗೂ ಹೇಳಿದೆ, ನಿನಗೂ ಹೇಳಿದೆ. ನಾಲ್ಕು ವರ್ಷವಾಯಿತು. ಬ್ಯಾಂಕಿನಲ್ಲಿ ಕೂತು ಜೀವಮಾನವಿಡೀ ಬೇರೆಯವರ ರುಜು ಸಾಚಾವೋ ಖೋಟಾವೋ ಎಂದು ಪರೀಕ್ಷಿಸಿದವನು ನಾನು. ನನ್ನ ಮಾತನ್ನು ಯಾರೂ ಪರೀಕ್ಷಿಸಲಿಲ್ಲ.

ನಮ್ಮ ತಾಯಿ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಮೈಸೂರಿನ ಆ ಎರಡು ಕೋಣೆಯ ಮನೆಯಲ್ಲಿ ನನ್ನನ್ನು ಸಾಕಿದವಳು ಅವಳೇ. ಮುಂದೆ ಅವಳಿಗೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕೆಲಸ ಸಿಕ್ಕಿತು, ಅಲ್ಲೇ ನೀನು ಹುಟ್ಟಿದೆ. ಅಲ್ಲಿನ ಚಾಲೈ ಪೇಟೆಯ ಅಂಗಡಿಯವರು ಅವಳನ್ನು ಅಲ್ಲಿಯವಳೇ ಎಂದುಕೊಳ್ಳುವಷ್ಟು ಚೆನ್ನಾಗಿ ಮಲಯಾಳ ಕಲಿತಳು.

ಆ ಚಾಲೈ ಬೀದಿಯಲ್ಲೇ ಒಮ್ಮೆ ನನಗೂ ಅಕ್ಕನಿಗೂ ಜಗಳವಾಯಿತು. ನೇಂದ್ರಬಾಳೆ ಆರಿಸುತ್ತಿದ್ದಾಗ ಪೇಪರಿನಲ್ಲಿ ಬಂದಿದ್ದ ದಯಾಮರಣದ ಸುದ್ದಿ ಎತ್ತಿದಳು. “ನೋಡೋ, ನನಗೇನಾದ್ರೂ ಹಾಗೆ ಆದ್ರೆ ಮಿಷನ್ ಹಾಕಿ ಇಟ್ಕೋಬೇಡಿ. ಕೇಳ್ದೋರಿಗೆ ಸೂಜಿ ಕೊಟ್ಟು ಕಳಿಸಿದ್ರೂ ತಪ್ಪಿಲ್ಲ ಅಂತೀನಿ ನಾನು. ಅದಕ್ಕೆ ಕಾನೂನು ಒಪ್ಪಲ್ಲ, ಬಿಡು. ಮಿಷನ್ ಬೇಡ ಅನ್ನೋಕಾದ್ರೂ ಹಕ್ಕಿದೆಯಲ್ಲ.”

“ಅದೂ ಕೊಲೇನೇ ಅಕ್ಕ,” ಎಂದೆ.

“ಜೀವ ಯಾರ್ದು ಅಂತ ಮೊದಲು ಕೇಳ್ಕೊ. ಆಮೇಲೆ ಕೊಲೆ ಅನ್ನು.”

ಬರೆದಿಡುತ್ತೇನೆ ಎಂದಳು. ಯಾವುದನ್ನೂ ನಾಳೆಗೆ ಇಡದವಳು ಅದೊಂದನ್ನು ಮಾತ್ರ ಬರೆಯಲಿಲ್ಲ.

ಮೊದಲ ಸ್ಟ್ರೋಕ್ ಆದಾಗ, ಬ್ಯಾಂಕಿನ ಕೆಲಸಕ್ಕೆಂದು ಬಂದು ನಾನು ನೆಲೆಸಿದ್ದ ಎರ್ನಾಕುಲಂನ ಪಾಲಾರಿವಟ್ಟಂ ಮನೆಗೆ ಅವಳನ್ನು ಕರೆತಂದೆವು. ಅವಳ ಮಲಯಾಳ ಹೋಗಿತ್ತು, ಇಂಗ್ಲಿಷ್ ಹೋಗಿತ್ತು. ಉಳಿದದ್ದು ಕನ್ನಡ, ಅದೂ ಒಂದೆರಡು ಪದ. ಹೇಳಲು ನಾಚಿಕೆ — ನನಗೆ ಒಳಗೊಳಗೇ ಖುಷಿಯಾಯಿತು. ಅಕ್ಕ ಮತ್ತೆ ನನ್ನೊಬ್ಬನವಳಾದಳು ಅನ್ನಿಸಿತು. ಅವಳ ಮಾತಿಗೆಲ್ಲ ನಾನೇ ದುಭಾಷಿ. ಎರಡನೆಯ ಸ್ಟ್ರೋಕ್ ಆಗಿ, ಶ್ವಾಸಕೋಶಕ್ಕೆ ಸೋಂಕು ತಗಲಿ ಎರ್ನಾಕುಲಂನ ಆಸ್ಪತ್ರೆ ಸೇರಿದಾಗಲೂ ನಾನೇ.

ಡಾಕ್ಟರು ನನ್ನನ್ನೂ ನಿನ್ನನ್ನೂ ಹಾಸಿಗೆಯ ಪಕ್ಕ ನಿಲ್ಲಿಸಿ ಬಿಡಿಸಿ ಹೇಳಿದರು. ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಹಾಕಬಹುದು, ಆದರೆ ಚೇತರಿಸಿಕೊಳ್ಳುವ ಭರವಸೆ ಕಡಿಮೆ. ಇಲ್ಲವೇ ನೋವಾಗದಂತೆ ನೋಡಿಕೊಳ್ಳಬಹುದು. ಅವರಿಗೆ ಎಚ್ಚರವಿದೆ, ಎಲ್ಲ ತಿಳಿಯುತ್ತದೆ, ಅವರನ್ನೇ ಕೇಳಿ ಎಂದರು. ಕೇಳಿದೆ. ಅಕ್ಕ ಎಡಗೈಯಲ್ಲಿ ಮುಖದ ಮಾಸ್ಕ್ ಸರಿಸಿ, ನನ್ನನ್ನೇ ನೋಡುತ್ತ, “ಸಾಕು” ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ಅಷ್ಟರಲ್ಲಿ ನೀನು ಕೇಳಿದೆ — “ಸಾಕು ಎನ್ನಾಲ್ ಮತಿ ಎನ್ನಲ್ಲೇ, ಮಾಮಾ?”

ಸಾಕು ಎಂದರೆ ಮತಿ ಅಂತಲ್ಲವೇ ಎಂದು ನೀನು ಕೇಳಿದ್ದು. ಹೌದು ಎನ್ನಬೇಕಿತ್ತು. ನಿನ್ನ ಮಲಯಾಳದ ‘ಮತಿ’ಯೇ ನಮ್ಮ ‘ಸಾಕು’. ನಾನು ಗದರಿದೆ. “ನಿನಗೆ ಕನ್ನಡ ಎಲ್ಲಿ ಬರುತ್ತೆ? ಇದು ಊಟಕ್ಕೆ ಕೂತಾಗ ಹೇಳೋ ಸಾಕು ಅಲ್ಲ. ಸಾಕು ಅಂದ್ರೆ ನೋಡ್ಕೋ, ಉಳಿಸ್ಕೋ ಅಂತ. ಅಕ್ಕ ನನ್ನನ್ನ ಸಾಕಿದ್ಲು ಅಂತೀವಲ್ಲ, ಆ ಸಾಕು.” ಡಾಕ್ಟರಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಆ ಅರ್ಥ ನಿಘಂಟಿನಲ್ಲಿ ಇದೆ. ಅಕ್ಕನ ಕಣ್ಣಿನಲ್ಲಿ ಇರಲಿಲ್ಲ.

ನಲವತ್ತೊಂದು ದಿನ ಬದುಕಿದಳು. ಗಂಟಲಿನಲ್ಲಿ ನಳಿಕೆ ಇದ್ದುದರಿಂದ ಮತ್ತೆ ಮಾತಿಲ್ಲ. ನೀನು ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದು ಪಕ್ಕದಲ್ಲಿ ಕೂತೆ. ಅಮ್ಮ ಉಳಿಸ್ಕೋ ಎಂದಿದ್ದಳಲ್ಲ. ಒಮ್ಮೊಮ್ಮೆ ಅವಳು ಎಡಗೈ ಎತ್ತಿ, ಅಂಗೈ ಕೆಳಗೆ ಮಾಡಿ, ಎದೆಯ ಮೇಲೆ ಅಡ್ಡ ಹಿಡಿಯುತ್ತಿದ್ದಳು. ಆಶೀರ್ವಾದ ಮಾಡುತ್ತಿದ್ದಾಳೆ ಎಂದುಕೊಂಡು ನೀನು ಆ ಕೈಗೆ ಹಣೆ ಒತ್ತುತ್ತಿದ್ದೆ. ಊಟಕ್ಕೆ ಕೂತಾಗ ಯಾರಾದರೂ ಮತ್ತೆ ಅನ್ನ ಬಡಿಸಲು ಬಂದರೆ ನಾವು ಎಲೆಯ ಮೇಲೆ ಹಾಗೇ ಕೈ ಅಡ್ಡ ಹಿಡಿಯುತ್ತೇವೆ, ಮಗಳೇ. ನನಗೆ ತಿಳಿಯಿತು. ತಿಳಿದೂ — ಹೊದಿಕೆ ಸರಿಮಾಡುವವನಂತೆ ಆ ಕೈಯನ್ನು ಒಳಗೆ ಸೇರಿಸಿದೆ.

ದಯಾಮರಣ ಸರಿಯೋ ತಪ್ಪೋ, ಸೂಜಿಯ ವಿಷಯದಲ್ಲಿ ಅಕ್ಕ ಹೇಳಿದ್ದನ್ನು ಒಪ್ಪಬೇಕೋ ಬಿಡಬೇಕೋ — ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಆ ದಿನ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅವಳು ಏನೆಂದಳು ಎಂದಷ್ಟೇ ಕೇಳಿದ್ದರು. ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಬಹುದು. ಅವಳನ್ನು ಬಿಟ್ಟುಕೊಡಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ.

ನಿನ್ನೆ ನೀನು ಫೋನ್ ಮಾಡಿದೆ. ನೀನೀಗ ವಾಸಿಯಾಗದ ರೋಗಿಗಳ ಮನೆಮನೆಗೆ ಹೋಗುವ ಸಾಂತ್ವನ ಆರೈಕೆಯ ಕಾರ್ಯಕರ್ತೆ. ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವುದರ ಬಗ್ಗೆ ಭಾನುವಾರ ತಿರುವನಂತಪುರದಲ್ಲಿ ಚರ್ಚೆ, ನೀನು ವಿರುದ್ಧವಾಗಿ ಮಾತಾಡುತ್ತೀಯಂತೆ. “ಅಮ್ಮನ ‘ಸಾಕು’ ಕೇಳಿ ಬೇಡ ಎಂದಳೆಂದು ನಾನೇ ತಪ್ಪು ತಿಳಿದಿದ್ದೆನಲ್ಲ ಮಾಮಾ, ಮಗಳಿಗೇ ತಿಳಿಯದ್ದು ಕಾಗದಕ್ಕೆ ಏನು ತಿಳಿದೀತು ಎಂದು ಹೇಳುತ್ತೇನೆ. ಆ ಎರಡನೇ ಅರ್ಥವನ್ನು ಇನ್ನೊಮ್ಮೆ ಹೇಳಿಕೊಡಿ,” ಎಂದು ಮಲಯಾಳದಲ್ಲಿ ಕೇಳಿದೆ. ಖುದ್ದಾಗಿ ಬಂದು ಹೇಳುತ್ತೇನೆ ಎಂದೆ.

ಇವತ್ತು ಬೆಳಿಗ್ಗೆ ನೋಟರಿಯ ಎದುರು, ಇಬ್ಬರು ಸಾಕ್ಷಿಗಳನ್ನಿಟ್ಟುಕೊಂಡು, ಅಕ್ಕ ಬರೆಯದೆ ಬಿಟ್ಟದ್ದನ್ನು ನನಗಾಗಿ ಬರೆದು ರುಜು ಹಾಕಿದೆ. ನನಗೆ ಮಾತು ನಿಂತಾಗ ನನ್ನ ಪರವಾಗಿ ಹೇಳಬೇಕಾದವರು ಎಂಬಲ್ಲಿ ನಿನ್ನ ಹೆಸರಿದೆ. ಇದನ್ನೆಲ್ಲ ಕೇಳಿದ ಮೇಲೆ ಬೇಡವೆನಿಸಿದರೆ ಆ ಹೆಸರನ್ನು ಹೊಡೆದುಹಾಕು.

ನಿನಗೆ ಕನ್ನಡ ಓದಲು ಬಾರದು. ಹಾಗಾಗಿ ಶನಿವಾರದ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ಇದನ್ನು ನಾನೇ ಓದಿ, ಒಂದೊಂದು ಸಾಲನ್ನೂ ಮಲಯಾಳದಲ್ಲಿ ಹೇಳುತ್ತೇನೆ. ನನ್ನದು ಬ್ಯಾಂಕ್ ಕೌಂಟರಿನ ಮಲಯಾಳ, ತಡವರಿಸಿದರೆ ತಿದ್ದು. ನೀನು ಎದ್ದು ಹೋಗಬಹುದು, ಮಾಮ ಎನ್ನುವುದನ್ನೇ ಬಿಡಬಹುದು. ಆದರೂ ಟಿಕೆಟ್ ತೆಗೆದಾಗಿನಿಂದ ಮನಸ್ಸು ಹಗುರಾಗಿದೆ. ನಿನ್ನ ಅಮ್ಮನ ಮಾತು ಕೊನೆಗೂ ನಿನ್ನ ಕೈ ಸೇರುತ್ತದೆ. ಭಾನುವಾರ ಏನು ಹೇಳಬೇಕೆನ್ನುವುದು ನಿನಗೆ ಬಿಟ್ಟದ್ದು.

ಒಂದು ಮಾತನ್ನು ಮಾತ್ರ ಮನೆಯೊಳಗೆ ಕಾಲಿಡುವ ಮೊದಲೇ, ಬಾಗಿಲಲ್ಲೇ ಹೇಳುತ್ತೇನೆ. ಆ ದಿನ ನಿನ್ನ ಕನ್ನಡ ಸರಿಯಾಗಿತ್ತು, ಮಗಳೇ.